ಮನೆಬಳಕೆಯ ಪ್ರೆಷರ್ ವಾಷರ್: ಹೊಸಬರಿಗೊಂದು ಪಾಠ

ಮಲೆನಾಡಿನಲ್ಲಿ ಮಳೆಗಾಲ ಮುಗಿದರೂ ಅದರ ಗುರುತು ಅಂಗಳದಲ್ಲಿ ಉಳಿದಿರುತ್ತದೆ. ಮೆಟ್ಟಿಲು, ಬಾವಿಕಟ್ಟೆ, ಕೊಟ್ಟಿಗೆಯ ದಾರಿ, ಎಲ್ಲೆಲ್ಲಿಯೂ ಪಾಚಿ. ಅದರ ಮೇಲೆ ಜಾರಿ ಬಿದ್ದು ಹಾಸಿಗೆ ಹಿಡಿದ ಹಿರಿಯರು ಪ್ರತಿಯೊಂದು ಊರಿನಲ್ಲಿಯೂ ಉಂಟು. ಹಿಂದೆ ಇದನ್ನು ಕೆರೆದು ತೆಗೆಯಲು ಕತ್ತಿಯೂ ಕಡ್ಡಿಪೊರಕೆಯೂ ಮಾತ್ರ ಇದ್ದವು. ಈಚೆಗೆ ಪ್ರೆಷರ್ ವಾಷರ್ ಎಂಬ ಸಣ್ಣ ಯಂತ್ರವು ಸಾಮಾನ್ಯರ ಮನೆಗೂ ಬಂದಿದೆ.

ನಮ್ಮ ಮನೆಗೆ ಅದು ಬಂದಾಗ ಜೊತೆಯಲ್ಲಿದ್ದ ಕೈಪಿಡಿ ಇಂಗ್ಲಿಷಿನಲ್ಲಿತ್ತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. "ನೀನು ಓದಿ ಹೇಳು ಮಗಾ, ನಾವು ಮಾಡ್ತೀವಿ" ಎಂದರು ಅಪ್ಪಯ್ಯ. ಅಂದು ಓದಿ ಹೇಳಿದುದನ್ನೂ, ಆಮೇಲೆ ಬಳಸಿ ತಿಳಿದುದನ್ನೂ ಸಹಪಾಠಿಗಳ ಉಪಯೋಗಕ್ಕಾಗಿ ಇಲ್ಲಿ ಕ್ರಮವಾಗಿ ಬರೆಯುತ್ತೇನೆ.

ಮೊದಲು ಇದರ ತತ್ತ್ವವನ್ನು ನೋಡೋಣ. ವಿದ್ಯುತ್ ಮೋಟಾರು ಒಂದು ಪಂಪನ್ನು ನಡೆಸುತ್ತದೆ. ಪಂಪು ನಲ್ಲಿಯ ನೀರನ್ನು ಒತ್ತಿ, ನಾಜಲ್ಲಿನ ಕಿರಿದಾದ ರಂಧ್ರದಿಂದ ಹೊರಚಿಮ್ಮಿಸುತ್ತದೆ. ಮನೆಬಳಕೆಯ ಯಂತ್ರಗಳ ಒತ್ತಡ ಸಾಮಾನ್ಯವಾಗಿ 100 ಬಾರ್‌ಗಳ ಆಸುಪಾಸಿನಲ್ಲಿರುತ್ತದೆ. 10 ಮೀಟರ್ ಎತ್ತರದ ತೊಟ್ಟಿಯ ನೀರು ಕೆಳಗೆ ಉಂಟುಮಾಡುವ ಒತ್ತಡ ಸುಮಾರು 1 ಬಾರ್. ಆದುದರಿಂದ 100 ಬಾರ್ ಎಂದರೆ 1000 ಮೀಟರ್ ಎತ್ತರದ ನೀರಿನ ಒತ್ತಡ. ನಮ್ಮ ಜೋಗದ ಎತ್ತರ 253 ಮೀಟರ್. ಅಂತಹ ನಾಲ್ಕು ಜೋಗಗಳನ್ನು ಒಂದರ ಮೇಲೊಂದು ನಿಲ್ಲಿಸಿದಷ್ಟು ಬಲ ಕೈಯಲ್ಲಿರುವ ಕೋಲಿನಲ್ಲಿದೆ ಎಂಬುದನ್ನು ಬಳಸುವವರು ಮರೆಯಬಾರದು.

ಪ್ರಾರಂಭಿಸುವ ಕ್ರಮ ಹೀಗೆ. ನಲ್ಲಿಯ ಪೈಪನ್ನು ಯಂತ್ರಕ್ಕೆ ಜೋಡಿಸಿ ನಲ್ಲಿಯನ್ನು ಪೂರ್ತಿ ತಿರುಗಿಸಬೇಕು. ಸ್ವಿಚ್ ಹಾಕುವ ಮೊದಲೇ ಗನ್ನಿನ ಟ್ರಿಗರ್ ಒತ್ತಿ ಹಿಡಿದು, ಒಳಗಿನ ಗಾಳಿಯೆಲ್ಲ ಹೋಗಿ ನೀರು ಏಕಧಾರೆಯಾಗಿ ಬರುವವರೆಗೂ ಕಾಯಬೇಕು. ಅನಂತರವೇ ಮೋಟಾರನ್ನು ಚಾಲೂ ಮಾಡತಕ್ಕದ್ದು. ಪಂಪಿನ ಸೀಲುಗಳನ್ನು ತಂಪಾಗಿಡುವುದೂ ನೀರೇ. ನೀರಿಲ್ಲದೆ ಓಡಿಸಿದರೆ ಅವು ಬೇಗನೆ ಸುಟ್ಟುಹೋಗುತ್ತವೆ. ಯಂತ್ರ ನಿಮಿಷಕ್ಕೆ 6 ಲೀಟರ್ ಬೇಡುವುದಾದರೆ ನಲ್ಲಿಯು ಅದಕ್ಕಿಂತ ಹೆಚ್ಚು ಕೊಡಬೇಕು. ಒಂದು ಬಕೆಟ್ಟು, ಒಂದು ಗಡಿಯಾರ ಇದ್ದರೆ ಇದನ್ನು ಅಳೆಯಬಹುದು.

ಧಾರೆ ಅಗಲವಾದಷ್ಟೂ ಮೃದು, ಕಿರಿದಾದಷ್ಟೂ ಹರಿತ. ಬಣ್ಣದ ನಾಜಲ್‌ಗಳಿದ್ದರೆ ವಾಡಿಕೆಯಂತೆ ಬಿಳಿಯದು 40 ಡಿಗ್ರಿ, ಹಸಿರು 25, ಹಳದಿ 15, ಕೆಂಪು ಸೊನ್ನೆ. ಹೊಸಬರು ಬಿಳಿಯದರಿಂದ ಆರಂಭಿಸಿ, ಮೂಲೆಯಲ್ಲಿ ಪರೀಕ್ಷಿಸಿ, ಬಳಿಕ ಮುಂದುವರಿಯುವುದು ಲೇಸು. ಕಾಂಕ್ರೀಟು, ಗಟ್ಟಿ ಕಲ್ಲು ಈ ಬಲವನ್ನು ತಾಳುತ್ತವೆ. ಆದರೆ ಜಂಬಿಟ್ಟಿಗೆಯ ಗೋಡೆ, ಹಳೆಯ ಗಾರೆ, ಮರದ ಬಾಗಿಲು ಇವುಗಳ ಮೇಲ್ಮೈ ಪಾಚಿಯೊಡನೆ ತಾನೂ ಎದ್ದುಬರುತ್ತದೆ. ವಾಹನದ ಟೈರಿಗೆ ತೀರ ಹತ್ತಿರದಿಂದ ಹೊಡೆಯಬಾರದು. ಏಣಿಯ ಮೇಲೆ ನಿಂತು ಇದನ್ನು ಬಳಸುವುದಂತೂ ಸಲ್ಲದು. ನೀರು ಮುಂದಕ್ಕೆ ಚಿಮ್ಮಿದರೆ ಗನ್ನು ಕೈಯನ್ನು ಹಿಂದಕ್ಕೆ ನೂಕುತ್ತದೆ.

ಮುಖ್ಯವಾದ ಎಚ್ಚರಿಕೆ ದೇಹದ ವಿಷಯದಲ್ಲಿ. ಈ ಧಾರೆಯನ್ನು ಮನುಷ್ಯರತ್ತಲಾಗಲಿ ದನಕರುಗಳತ್ತಲಾಗಲಿ ತಿರುಗಿಸಕೂಡದು. ಕಾಲಿನ ಕೆಸರನ್ನು ಇದರಿಂದ ತೊಳೆಯಬಾರದು. ಅದು ಚರ್ಮವನ್ನು ಸೀಳಿ ನೀರನ್ನೂ ಕೊಳೆಯನ್ನೂ ಒಳಗೆ ನುಗ್ಗಿಸಬಲ್ಲುದು. ಹೊರಗೆ ಕಾಣುವ ಗಾಯ ಸೂಜಿಯ ಮೊನೆಯಷ್ಟೇ ಇದ್ದರೂ ಒಳಗಿನ ಹಾನಿ ದೊಡ್ಡದಿರಬಹುದು. ನೋವಿಲ್ಲವೆಂದು ಸುಮ್ಮನಿರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಕಾಲಿಗೆ ಬೂಟು, ಕಣ್ಣಿಗೆ ಕನ್ನಡಕ ಇರಲಿ. ಒದ್ದೆ ನೆಲದಲ್ಲಿ ವಿದ್ಯುತ್ ಬಳಸುವುದರಿಂದ ಅರ್ತಿಂಗ್ ಸರಿಯಿರುವ ಮೂರು ಪಿನ್ನಿನ ಪ್ಲಗ್ಗೂ, ಸೋರಿಕೆಯಾದಾಗ ವಿದ್ಯುತ್ತನ್ನು ಕಡಿಯುವ ಆರ್‌ಸಿಸಿಬಿಯೂ ಅವಶ್ಯ.

ಕೆಲಸ ಮುಗಿದ ಮೇಲೆ ಮೊದಲು ಸ್ವಿಚ್, ಆಮೇಲೆ ನಲ್ಲಿ, ಕೊನೆಗೆ ಟ್ರಿಗರ್ ಒತ್ತಿ ಪೈಪಿನಲ್ಲುಳಿದ ಒತ್ತಡವನ್ನು ಬಿಡಬೇಕು. ನೀರು ಬರುವ ಬಾಯಿಯಲ್ಲಿರುವ ಜಾಲರಿಯನ್ನು ಆಗಾಗ ತೊಳೆಯಬೇಕು. ಧಾರೆ ತಡೆತಡೆದು ಬಂದರೆ ಪಂಪು ಕೆಟ್ಟಿತೆಂದು ಗಾಬರಿಯಾಗಬೇಕಾಗಿಲ್ಲ. ಬಹುಮಟ್ಟಿಗೆ ಜಾಲರಿ ಕಟ್ಟಿರುತ್ತದೆ, ಗಾಳಿ ಸೇರಿರುತ್ತದೆ, ಇಲ್ಲವೆ ನಾಜಲ್ಲಿನಲ್ಲಿ ಮರಳಿನ ಕಣ ಸಿಕ್ಕಿರುತ್ತದೆ. ನಾಜಲ್ಲನ್ನು ಬಿಚ್ಚಿ ಸಣ್ಣ ಸೂಜಿಯಿಂದ ಬಿಡಿಸಬಹುದು. ಸೋಪಿನ ನೀರು ಬಳಸಿದ ದಿನ ಕೊನೆಗೆ ಬರಿಯ ನೀರನ್ನು ಹಾಯಿಸಬೇಕು.

ಕೊನೆಯದಾಗಿ ನೀರಿನ ಮಾತು. ಬರಿಯ ಪೈಪಿನಿಂದ ನಿಮಿಷಕ್ಕೆ 15 ಲೀಟರ್ ಹರಿದರೆ ಅರ್ಧ ಗಂಟೆಗೆ 450 ಲೀಟರ್. 6 ಲೀಟರಿನ ಯಂತ್ರಕ್ಕೆ 180. ಉಳಿತಾಯವೇನೋ ನಿಜ. ಆದರೆ ಆಟಕ್ಕೆಂದು ದಿನವೂ ಓಡಿಸಿದರೆ ಆ ಲೆಕ್ಕ ತಲೆಕೆಳಗಾಗುತ್ತದೆ. 2024ರ ಮಾರ್ಚಿಯಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5000 ರೂಪಾಯಿ ದಂಡ ಗೊತ್ತುಮಾಡಿದ್ದುದು ನೆನಪಿರಲಿ.

ಯಂತ್ರಗಳು ಹಳ್ಳಿಯನ್ನು ತಲುಪಿವೆ. ಅವುಗಳನ್ನು ಬಳಸುವ ತಿಳಿವಳಿಕೆ ಇನ್ನೂ ಪರಭಾಷೆಯ ಕಾಗದದಲ್ಲಿ ಮಡಚಿಕೊಂಡಿದೆ. ಅದನ್ನು ಬಿಡಿಸಿ ನಮ್ಮವರ ಮಾತಿನಲ್ಲಿ ಹೇಳುವುದು ಕಲಾ ವಿಭಾಗದ ವಿದ್ಯಾರ್ಥಿಗಳಾದ ನಮ್ಮಿಂದಲೂ ಆಗಬಹುದಾದ ಕೆಲಸ.