ರಿಪಬ್ಲಿಕನ್ ಪಕ್ಷ ಮತ್ತು ವಲಸೆ ನೀತಿ: 1986ರಿಂದ 2024

ಅಮೆರಿಕದ ರಿಪಬ್ಲಿಕನ್ ಪಕ್ಷ ಮೊದಲಿನಿಂದಲೂ ವಲಸೆಯನ್ನು ವಿರೋಧಿಸುತ್ತ ಬಂದಿದೆ ಎಂದು ಬರೆದರೆ ಉತ್ತರ ತಪ್ಪಾಗುತ್ತದೆ. 1986ರಲ್ಲಿ ಇದೇ ಪಕ್ಷದ ಅಧ್ಯಕ್ಷ ರೊನಾಲ್ಡ್ ರೇಗನ್ ಸಹಿ ಹಾಕಿದ ವಲಸೆ ಸುಧಾರಣೆ ಮತ್ತು ನಿಯಂತ್ರಣ ಕಾಯ್ದೆಯಿಂದ ಸುಮಾರು 27 ಲಕ್ಷ ಅಕ್ರಮ ವಲಸಿಗರಿಗೆ ಕಾನೂನಿನ ಮಾನ್ಯತೆ ಸಿಕ್ಕಿತು. ಅಂಥವರನ್ನು ಗೊತ್ತಿದ್ದೂ ಕೆಲಸಕ್ಕಿಟ್ಟುಕೊಳ್ಳುವ ಮಾಲೀಕರಿಗೆ ದಂಡ ವಿಧಿಸುವ ಅಂಶವೂ ಅದರಲ್ಲಿತ್ತು. ಜಾರಿ ಮಾತ್ರ ಸಡಿಲವಾಯಿತು. ‘ಮೊದಲು ಗಡಿ ಭದ್ರವಾಗಲಿ, ಉಳಿದದ್ದು ಆಮೇಲೆ’ ಎಂಬ ಸಂಪ್ರದಾಯವಾದಿಗಳ ಪಟ್ಟಿಗೆ ಬಲ ಬಂದದ್ದು ಇಲ್ಲಿಂದ.

2012–14ರ ಅವಧಿಯನ್ನು ಗಮನವಿಟ್ಟು ಓದಬೇಕು. 2012ರ ಅಧ್ಯಕ್ಷೀಯ ಚುನಾವಣೆಯಲ್ಲಿ ಪಕ್ಷದ ಅಭ್ಯರ್ಥಿ ಮಿಟ್ ರಾಮ್ನಿ ಸೋತ ಬಳಿಕ, 2013ರ ಮಾರ್ಚ್‌ನಲ್ಲಿ ಪಕ್ಷದ ರಾಷ್ಟ್ರೀಯ ಸಮಿತಿಯ ವರದಿಯೇ ಸಮಗ್ರ ವಲಸೆ ಸುಧಾರಣೆಯನ್ನು ಬೆಂಬಲಿಸಿತು. ಜೂನ್‌ನಲ್ಲಿ ಸೆನೆಟ್ 68–32 ಮತಗಳಿಂದ ಅಂಥ ಸುಧಾರಣೆಯ ಮಸೂದೆಯನ್ನು ಅಂಗೀಕರಿಸಿತು. 14 ರಿಪಬ್ಲಿಕನ್ನರು ಪರವಾಗಿ ಮತ ಹಾಕಿದರು. ಆದರೆ ಪಕ್ಷಕ್ಕೆ ಬಹುಮತವಿದ್ದ ಜನಪ್ರತಿನಿಧಿ ಸಭೆಯಲ್ಲಿ ಸ್ಪೀಕರ್ ಜಾನ್ ಬೇನರ್ ಅದನ್ನು ಮತಕ್ಕೇ ಹಾಕಲಿಲ್ಲ. ಮರುವರ್ಷ ಸಭೆಯ ಬಹುಮತ ನಾಯಕ ಎರಿಕ್ ಕ್ಯಾಂಟರ್, ವರ್ಜೀನಿಯಾದ ಪ್ರೈಮರಿಯಲ್ಲಿ ವಲಸೆಯನ್ನೇ ಅಸ್ತ್ರ ಮಾಡಿಕೊಂಡ ಪ್ರಾಧ್ಯಾಪಕ ಡೇವ್ ಬ್ರ್ಯಾಟ್ ಎದುರು ಸೋತರು. (ಪ್ರೈಮರಿ: ಪಕ್ಷದ ಅಭ್ಯರ್ಥಿಯನ್ನು ಹೈಕಮಾಂಡ್ ಬದಲು ಮತದಾರರೇ ಆರಿಸುವ ಚುನಾವಣೆ.) ನನ್ನ ಮಟ್ಟಿಗೆ, 2016ರಲ್ಲಿ ಟ್ರಂಪ್ ಗೆಲ್ಲುವ ಮುನ್ಸೂಚನೆ ಇದರಲ್ಲೇ ಇತ್ತು.

ಪಕ್ಷದೊಳಗಿನ ಉದ್ಯಮಪರ ಬಣ ಮತ್ತು ವಲಸೆ ವಿರೋಧಿ ಬಣದ ನಡುವಿನ ಒಡಕು ಇನ್ನೂ ಮುಚ್ಚಿಲ್ಲ. 2024ರ ಡಿಸೆಂಬರ್‌ನಲ್ಲಿ ಪರಿಣತ ವಿದೇಶಿ ಉದ್ಯೋಗಿಗಳಿಗೆ ಕೊಡುವ ಎಚ್-1ಬಿ ವೀಸಾವನ್ನು ಉದ್ಯಮಿ ಇಲಾನ್ ಮಸ್ಕ್ ಬಹಿರಂಗವಾಗಿ ಸಮರ್ಥಿಸಿದರೆ, ಟ್ರಂಪ್ ಅವರ ಮಾಜಿ ಸಲಹೆಗಾರ ಸ್ಟೀವ್ ಬ್ಯಾನನ್ ಅಷ್ಟೇ ಬಹಿರಂಗವಾಗಿ ವಿರೋಧಿಸಿದರು. ವರ್ಷಕ್ಕೆ 65,000, ಜತೆಗೆ ಅಮೆರಿಕದಲ್ಲಿ ಉನ್ನತ ಪದವಿ ಪಡೆದವರಿಗೆ 20,000 ಎಂಬ ಮಿತಿಯಿರುವ ಈ ವೀಸಾದ ಬಹುಪಾಲು ಭಾರತೀಯರಿಗೇ ಸಿಗುವುದರಿಂದ, ಬೆಂಗಳೂರಿನ ಐಟಿ ಉದ್ಯೋಗಿಗಳಿಗೂ ಇದು ನೇರವಾಗಿ ತಟ್ಟುವ ವಿಷಯ.