ಮೋಟರಿನ ವೇಗ ತಗ್ಗಿಸುವ ಮುನ್ನ

ಕೊಯ್ದ ಹಣ್ಣನ್ನು ಅಂದೇ ಪಲ್ಪರಿಗೆ ಹಾಕಬೇಕೆಂಬುದು ಸದಸ್ಯರಿಗೆಲ್ಲ ತಿಳಿದ ಮಾತು. ಹಾಗಿರುವಾಗ ಕೊಯ್ಲಿನ ನಡುವೆ ಮೋಟರು ಸುಟ್ಟರೆ ಏನಾಗುತ್ತದೆಂಬುದನ್ನು ಒಂದು ವರ್ಷ ನಾವೇ ಅನುಭವಿಸಿದೆವು. ಪಲ್ಪರ್ ಜೋರಾಗಿ ತಿರುಗಿ ಬೀಜ ಒಡೆಯುತ್ತಿತ್ತು. ಫ್ಯಾನಿನ ರೆಗ್ಯುಲೇಟರಿನಂತೆ ಮೋಟರಿಗೂ ಒಂದು ರೆಸಿಸ್ಟೆನ್ಸ್ ಸೇರಿಸಿದರೆ ಸಾಕೆಂದು ಲೆಕ್ಕ ಹಾಕಿದೆವು. ಗಂಟೆಯೊಳಗೆ ಹೊಗೆ ಬಂತು. ಎರಡು ದಿನದ ಅರೇಬಿಕಾ ಹಣ್ಣನ್ನು ಕಣದಲ್ಲಿ ಹರಡಿ ಚೆರ್ರಿ ಮಾಡಬೇಕಾಯಿತು. ಪಾರ್ಚ್‌ಮೆಂಟಿನ ಬೆಲೆ ಕೈತಪ್ಪಿತು.

ಬೆಂಗಳೂರಿಗೆ ಹೋಗುವ ಕೆಲಸವಿದ್ದುದರಿಂದ ಮೋಟರನ್ನು ಜೊತೆಗೊಯ್ದು, ಪೀಣ್ಯದ ಬಳಿಯ ಹೆಗ್ಗನಹಳ್ಳಿಯಲ್ಲಿ ವೈಂಡಿಂಗ್ ಮಾಡುವವರೊಬ್ಬರಿಗೆ ಕೊಟ್ಟೆವು. ಮುಚ್ಚಳ ತೆಗೆದು ನೋಡಿ ಅವರು ಕೇಳಿದ್ದಿಷ್ಟೇ: "ಸಾರ್, ರನ್ನಿಂಗ್ ವೈಂಡಿಂಗ್ ಚೆನ್ನಾಗಿದೆ, ಸ್ಟಾರ್ಟಿಂಗ್ ಸುಟ್ಟಿದೆ. ಇದನ್ನ ನಿಧಾನ ಓಡಿಸಿದ್ರಾ?"

ಕಾರಣ ಹೀಗಿದೆ. ನಮ್ಮ ತೋಟಗಳಲ್ಲಿರುವುದು ಬಹುತೇಕ ಇಂಡಕ್ಷನ್ ಮೋಟರು. ಅದರ ವೇಗವನ್ನು ನಿರ್ಧರಿಸುವುದು ಮುಖ್ಯವಾಗಿ ವಿದ್ಯುತ್ತಿನ ಆವರ್ತನ ಮತ್ತು ಮೋಟರಿನ ಧ್ರುವಗಳ ಸಂಖ್ಯೆ. 50 ಸೈಕಲ್ಲಿನ ವಿದ್ಯುತ್ತಿನಲ್ಲಿ 4 ಧ್ರುವದ ಮೋಟರು ನಿಮಿಷಕ್ಕೆ 1500ರ ಸಮೀಪ, ಅಂದರೆ ಸುಮಾರು 1440 ಸುತ್ತು ತಿರುಗುತ್ತದೆ. ರೆಸಿಸ್ಟೆನ್ಸ್ ತಗ್ಗಿಸುವುದು ವೋಲ್ಟೇಜನ್ನು. ವೋಲ್ಟೇಜು ಅರ್ಧವಾದರೆ ತಿರುಗಿಸುವ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಹಣ್ಣಿನ ಹೊರೆ ಮಾತ್ರ ಇಳಿಯುವುದಿಲ್ಲ. ಮೋಟರು ಏದುತ್ತ ಹೆಚ್ಚು ಕರೆಂಟು ಎಳೆದು ಕಾಯುತ್ತದೆ. ಸಿಂಗಲ್ ಫೇಸ್ ಮೋಟರಿನಲ್ಲಿ ವೇಗ ಬಹಳ ಕುಸಿದರೆ ಒಳಗಿನ ಸ್ವಿಚ್ಚು ಸ್ಟಾರ್ಟಿಂಗ್ ವೈಂಡಿಂಗನ್ನು ಮತ್ತೆ ಸೇರಿಸುತ್ತದೆ. ಕೆಲವೇ ಸೆಕೆಂಡಿನ ಕೆಲಸಕ್ಕೆಂದು ಮಾಡಿದ ತಂತಿ ಅದು, ಸುಡದೆ ಇರುತ್ತದೆಯೇ? ರೆಸಿಸ್ಟೆನ್ಸಿನ ನಷ್ಟವೂ ಸಣ್ಣದಲ್ಲ: 6 ಆಂಪಿಯರಿನಲ್ಲಿ 50 ವೋಲ್ಟು ಇಳಿಸಿದರೆ 300 ವಾಟು ಬರೀ ಶಾಖವಾಗುತ್ತದೆ.

ಹಾಗಾದರೆ ಫ್ಯಾನು ಹೇಗೆ ನಿಧಾನವಾಗುತ್ತದೆ? ವೇಗ ಇಳಿದಂತೆ ಗಾಳಿಯ ಹೊರೆಯೂ ಬೇಗ ಇಳಿಯುತ್ತದೆ, ಮೋಟರೂ ಚಿಕ್ಕದು. ಹೊಲಿಗೆ ಯಂತ್ರದ ಮೋಟರು, ಡಿ.ಸಿ. ಮೋಟರು, ಹಳೆಯ ಕ್ರೇನುಗಳ ಸ್ಲಿಪ್‌ರಿಂಗ್ ಮೋಟರು ಇವಕ್ಕೂ ರೆಸಿಸ್ಟೆನ್ಸ್ ಸಲ್ಲುತ್ತದೆ. ಪಲ್ಪರಿಗೆ, ಅಡಿಕೆ ಸುಲಿಯುವ ಯಂತ್ರಕ್ಕೆ ಸಲ್ಲದು.

ಸದಸ್ಯರು ಮಾಡಬೇಕಾದುದು:

1. ಒಂದೇ ವೇಗ ಸಾಕಿದ್ದರೆ ಪುಲ್ಲಿ ಬದಲಿಸಿ. ಮೋಟರಿನ ಸುತ್ತನ್ನು ಮೋಟರು ಪುಲ್ಲಿಯ ಅಡ್ಡಳತೆಯಿಂದ ಗುಣಿಸಿ, ಯಂತ್ರದ ಪುಲ್ಲಿಯ ಅಡ್ಡಳತೆಯಿಂದ ಭಾಗಿಸಿ. 1440 ಸುತ್ತಿನ ಮೋಟರಿಗೆ 3 ಅಂಗುಲ, ಯಂತ್ರಕ್ಕೆ 12 ಅಂಗುಲವಿದ್ದರೆ ಯಂತ್ರಕ್ಕೆ 360 ಸುತ್ತು. ಯಂತ್ರಕ್ಕೆ ಎಷ್ಟು ಸುತ್ತು ಬೇಕೆಂಬುದನ್ನು ತಯಾರಕರ ಪುಸ್ತಿಕೆಯಲ್ಲಿ ನೋಡಿಕೊಳ್ಳಿ.

2. ಆಗಾಗ ವೇಗ ಬದಲಿಸಬೇಕಿದ್ದರೆ ಆವರ್ತನವನ್ನೇ ಬದಲಿಸುವ ವಿ.ಎಫ್.ಡಿ. ಬೇಕು. ಅದರ ತಿರುಗುಗುಂಡಿಯೂ ಒಂದು ಸಣ್ಣ ರೆಸಿಸ್ಟೆನ್ಸೇ. ಆದರೆ ಮೋಟರಿನ ಕರೆಂಟು ಅದರಲ್ಲಿ ಹರಿಯುವುದಿಲ್ಲ, ಬರೀ ಸೂಚನೆ ಹೋಗುತ್ತದೆ. ಸಾಮಾನ್ಯ ವಿ.ಎಫ್.ಡಿ.ಗೆ ತ್ರೀಫೇಸ್ ಮೋಟರೇ ಆಗಬೇಕು. ಸಿಂಗಲ್ ಫೇಸ್ ಲೈನಿನಿಂದ ತ್ರೀಫೇಸ್ ಮೋಟರು ಓಡಿಸುವ ವಿ.ಎಫ್.ಡಿ.ಗಳೂ ಸಿಗುತ್ತವೆ. ಕೊಳ್ಳುವ ಮೊದಲು ಮೋಟರಿನ ಫಲಕದ ವೋಲ್ಟೇಜು ತೋರಿಸಿ ಕೇಳಿ.

3. ಬಹಳ ನಿಧಾನವಾಗಿ ಓಡಿಸುವಾಗ ಮೋಟರಿನ ಸ್ವಂತ ಫ್ಯಾನು ಸಾಲದು. ಮೈ ಬಿಸಿಯನ್ನು ಗಮನಿಸುತ್ತಿರಿ. ಅರ್ತಿಂಗ್ ತಪ್ಪಿಸಬೇಡಿ.

ಈ ಕೆಲಸವೆಲ್ಲ ಕೊಯ್ಲಿಗೆ ಮುಂಚೆಯೇ ಆಗಲಿ. ನಾವು ಕೊನೆಗೆ ಮಾಡಿದ್ದು ಒಂದು ಪುಲ್ಲಿ ಬದಲಾವಣೆ ಮಾತ್ರ. ಅದನ್ನೇ ಮೊದಲು ಮಾಡಿದ್ದರೆ ಎರಡು ದಿನದ ಹಣ್ಣು ಉಳಿಯುತ್ತಿತ್ತು.