ಹೊಸ ಮುದ್ರೆಯುಂಗುರ

ವಿಶಾಖದತ್ತನ ‘ಮುದ್ರಾರಾಕ್ಷಸ’ವೆಂಬ ಸಂಸ್ಕೃತ ನಾಟಕದಲ್ಲಿ ಅಮಾತ್ಯ ರಾಕ್ಷಸನ ಮುದ್ರೆಯುಂಗುರವು ಚಾಣಕ್ಯನ ಕೈಸೇರುತ್ತದೆ. ಈ ಕಥೆಯನ್ನು ಆಧರಿಸಿಯೇ ಕೆಂಪುನಾರಾಯಣನು 1823ರಲ್ಲಿ ಕನ್ನಡದಲ್ಲಿ ‘ಮುದ್ರಾಮಂಜೂಷ’ವನ್ನು ರಚಿಸಿದನು. ನಾಟಕದ ಚಾಣಕ್ಯನು ಒಂದು ಓಲೆಯನ್ನು ಬರೆಯಿಸಿ, ಅದಕ್ಕೆ ಆ ಉಂಗುರದ ಮುದ್ರೆಯನ್ನೊತ್ತಿಸುತ್ತಾನೆ. ಓಲೆ ರಾಕ್ಷಸನದಲ್ಲ, ಮುದ್ರೆ ಮಾತ್ರ ಅವನದೇ. ಮಿತ್ರನಾದ ಮಲಯಕೇತುವು ಮುದ್ರೆಯನ್ನು ನಂಬಿ ರಾಕ್ಷಸನನ್ನೇ ದೂರಮಾಡಿದನು.

ಕಾಲ ಬದಲಾಗಿದೆ. ಸರ್ಕಾರಕ್ಕೆ ಸಲ್ಲಬೇಕಾದ ಅನೇಕ ನಮೂನೆಗಳು ಇಂದು ಅಂತರಜಾಲದ ಮೂಲಕವೇ ಹೋಗುತ್ತವೆ. ಕಂಪನಿಗಳು ತಮ್ಮ ವಾರ್ಷಿಕ ಲೆಕ್ಕಪತ್ರಗಳನ್ನು ಕೇಂದ್ರ ಸರ್ಕಾರಕ್ಕೆ ಹೀಗೆ ಸಲ್ಲಿಸುವ ವ್ಯವಸ್ಥೆ 2006ರಲ್ಲಿ ಆರಂಭವಾಯಿತು. ಕಾಗದವೇ ಇಲ್ಲದ ಮೇಲೆ ಸಹಿ ಹಾಕುವುದೆಲ್ಲಿ?

ಇದಕ್ಕೆ ದಾರಿ ತೋರಿದವರು ಅಮೆರಿಕದ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್. 1976ರಲ್ಲಿ ಅವರು ಜೋಡಿ ಕೀಲಿಕೈಗಳ ಕಲ್ಪನೆಯನ್ನು ಪ್ರಕಟಿಸಿದರು. ಇವು ಲೋಹದ ಕೀಲಿಕೈಗಳಲ್ಲ. ಗಣಿತದಿಂದ ಹುಟ್ಟಿದ ಬಹು ದೊಡ್ಡ ಸಂಖ್ಯೆಗಳು. ಒಂದು ಗುಪ್ತವಾದುದು, ಇನ್ನೊಂದು ಬಹಿರಂಗವಾದುದು. ಗಣಕಯಂತ್ರವು ಮೊದಲು ಇಡೀ ನಮೂನೆಯಿಂದ ಒಂದು ಸಾರಸಂಖ್ಯೆಯನ್ನು ತೆಗೆಯುತ್ತದೆ. ಗುಪ್ತ ಕೀಲಿಕೈಯಿಂದ ಅದಕ್ಕೆ ಮುದ್ರೆ ಬೀಳುತ್ತದೆ. ಬಹಿರಂಗ ಕೀಲಿಕೈಯಿಂದ ಯಾರು ಬೇಕಾದರೂ ಆ ಮುದ್ರೆಯನ್ನು ಪರೀಕ್ಷಿಸಬಹುದು. ಸಹಿಯಾದ ಬಳಿಕ ನಮೂನೆಯ ಒಂದಕ್ಷರವನ್ನು ತಿದ್ದಿದರೂ ಪರೀಕ್ಷೆಯಲ್ಲಿ ಅದು ಸಿಕ್ಕಿಬೀಳುತ್ತದೆ.

ಆದರೆ ಆ ಕೀಲಿಕೈ ಇಂಥವರದೇ ಎಂದು ಹೇಳುವವರಾರು? ಅದನ್ನು ಹೇಳುವುದೇ ಡಿಜಿಟಲ್ ಪ್ರಮಾಣಪತ್ರ. ಸರ್ಕಾರದ ಪರವಾನಗಿ ಪಡೆದ ಪ್ರಾಧಿಕಾರವೊಂದು ಅರ್ಜಿದಾರನ ಗುರುತನ್ನು ಪರಿಶೀಲಿಸಿ ಇದನ್ನು ನೀಡುತ್ತದೆ. ಇದಕ್ಕೆ ನಿಗದಿಯಾದ ಅವಧಿಯುಂಟು. ಅವಧಿ ಮುಗಿದರೆ ಹೊಸದನ್ನು ಪಡೆಯಬೇಕು. ಗುಪ್ತ ಕೀಲಿಕೈಯನ್ನು ಸಾಮಾನ್ಯವಾಗಿ ಹೆಬ್ಬೆರಳಿನಷ್ಟು ಚಿಕ್ಕದಾದ ‘ಟೋಕನ್’ ಎಂಬ ಸಾಧನದಲ್ಲಿಟ್ಟು, ಗುಪ್ತಸಂಖ್ಯೆಯೊಂದರಿಂದ ಕಾಪಾಡುತ್ತಾರೆ. ನಮ್ಮ ದೇಶದಲ್ಲಿ ಈ ಸಹಿಗೆ ಕಾನೂನಿನ ಮಾನ್ಯತೆ ದೊರೆತದ್ದು 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದಿಂದ.

ನನ್ನ ಮಿತ್ರರೊಬ್ಬರು ಸಣ್ಣ ಕಂಪನಿಯೊಂದರ ನಿರ್ದೇಶಕರು. ‘ಈ ರಗಳೆಯೆಲ್ಲ ನನಗೇಕೆ’ ಎಂದು ಅವರು ಟೋಕನ್ನನ್ನೂ ಗುಪ್ತಸಂಖ್ಯೆಯನ್ನೂ ಲೆಕ್ಕ ಬರೆಯುವವರಲ್ಲಿಯೇ ಬಿಟ್ಟಿದ್ದರು. ಒಂದು ದಿನ, ತಾವು ಓದಿಯೇ ಇರದ ನಮೂನೆಯ ಕೆಳಗೆ ತಮ್ಮ ಸಹಿಯನ್ನು ಕಂಡು ಬೆಚ್ಚಿಬಿದ್ದರು. ‘ಇದು ನಾನು ಹಾಕಿದ್ದಲ್ಲ’ ಎಂದರು. ಪರೀಕ್ಷಿಸಿದ ಯಂತ್ರವು ‘ಸಹಿ ಸರಿಯಾಗಿದೆ’ ಎಂದೇ ಹೇಳಿತು. ಯಂತ್ರ ಸುಳ್ಳಾಡಲಿಲ್ಲ. ಅದು ಕೀಲಿಕೈಯನ್ನು ಬಲ್ಲದು. ಕೀಲಿಕೈ ಹಿಡಿದ ಕೈಯನ್ನು ಅರಿಯದು.

ಆದುದರಿಂದಲೇ ಆ ಅಧಿನಿಯಮದ 42ನೆಯ ಪ್ರಕರಣವು ಗುಪ್ತ ಕೀಲಿಕೈಯನ್ನು ಜಾಗರೂಕತೆಯಿಂದ ಕಾಯ್ದುಕೊಳ್ಳುವ ಹೊಣೆಯನ್ನು ಅದರ ಒಡೆಯನ ಮೇಲೆಯೇ ಹೊರಿಸಿದೆ. ಗುಟ್ಟು ಬಯಲಾದರೆ ತಡಮಾಡದೆ ಪ್ರಮಾಣಪತ್ರ ನೀಡಿದ ಪ್ರಾಧಿಕಾರಕ್ಕೆ ತಿಳಿಸಬೇಕು. ಆಗ ಆ ಪ್ರಮಾಣಪತ್ರವನ್ನು ರದ್ದುಪಡಿಸಲು ಸಾಧ್ಯ.

ನಾಡಕಚೇರಿಯಿಂದ ನೀವು ತರುವ ಆದಾಯ ಪ್ರಮಾಣಪತ್ರವನ್ನು ಒಮ್ಮೆ ಗಮನಿಸಿರಿ. ಅದರಲ್ಲಿಯೂ ಅಧಿಕಾರಿಯ ಡಿಜಿಟಲ್ ಸಹಿಯನ್ನು ಕಾಣುವಿರಿ. ನಾಳೆ ನೀವೂ ಹೀಗೆ ಸಹಿ ಮಾಡುವವರೇ. ಸಹಿಯೆಂದರೆ ‘ಇದನ್ನು ಓದಿದ್ದೇನೆ, ಇದಕ್ಕೆ ನಾನು ಹೊಣೆ’ ಎಂಬ ಮಾತು. ಆ ಮಾತನ್ನು ಇನ್ನೊಬ್ಬರ ಕೈಯಲ್ಲಿಡಬಾರದು. ಉಂಗುರ ಕಳೆದುಕೊಂಡ ರಾಕ್ಷಸನ ಕಥೆ ಹೇಳುವುದೂ ಇದನ್ನೇ.